ಮೈಮಾತು ಕಲಿಸುವುದು: ಮೊದಲು ನೋಟ, ಆಮೇಲೆ ಅರ್ಥ

‘ಕೈ ಕಟ್ಟಿದರೆ ಅಸಮಾಧಾನ, ಮೂಗು ಮುಟ್ಟಿಕೊಂಡರೆ ಸುಳ್ಳು’ ಎಂಬ ಪಟ್ಟಿ ಹಂಚಿ ಮೈಮಾತಿನ (ಹಾವಭಾವ, ದನಿ, ನಿಲ್ಲುವ ಅಂತರದ) ಪಾಠ ಶುರುಮಾಡಬೇಡಿ. ಕೈ ಕಟ್ಟಿದವರಿಗೆ ಚಳಿಯಾಗಿರಬಹುದು, ಮೂಗು ಬರೀ ತುರಿಸುತ್ತಿರಬಹುದು. ಪಟ್ಟಿ ಬಾಯಿಪಾಠವಾದ ಮೇಲೆ ಮಕ್ಕಳು ಎದುರಿಗಿರುವವರನ್ನು ನೋಡುವುದನ್ನೇ ಬಿಡುತ್ತಾರೆ.

ಮೊದಲ ತರಗತಿಗೆ ಇಬ್ಬರು ಮಾತಾಡುತ್ತಿರುವ 2 ನಿಮಿಷದ ವಿಡಿಯೊ ಸಾಕು. ಸೌಂಡ್ ಪೂರ್ತಿ ತೆಗೆದು ತೋರಿಸಿ. ಹಾಳೆಯ ನಡುವೆ ಗೆರೆ ಎಳೆಸಿ: ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅಂದುಕೊಂಡದ್ದು’. ಹೆಚ್ಚಿನವರು ಎಡಗಡೆಯಲ್ಲೇ ‘ಬೇಜಾರಾಗಿದ್ದಾನೆ’ ಎಂದು ಬರೆದಿರುತ್ತಾರೆ. ಬೇಜಾರು ಕಣ್ಣಿಗೆ ಕಾಣುವಂಥದ್ದಲ್ಲ. ಅದನ್ನು ಬಲಕ್ಕೆ ದಾಟಿಸಿ, ‘ಏನು ನೋಡಿ ಹಾಗನ್ನಿಸಿತು?’ ಎಂದು ಕೇಳಿ. ಆಗ ಒಂದೊಂದಾಗಿ ಹೊರಬರುತ್ತದೆ: ಹೆಗಲು ಇಳಿದಿದೆ, ಪೆನ್ನಿನ ಕ್ಯಾಪ್ ತೆಗೆಯುತ್ತಾನೆ, ಹಾಕುತ್ತಾನೆ, ಪಾದ ಬಾಗಿಲ ಕಡೆಗಿದೆ. ಪ್ರತಿ ಊಹೆಗೂ ಕನಿಷ್ಠ 3 ಸುಳಿವು ಬೇಕು, ಬೇರೆ ಕಾರಣವೊಂದನ್ನೂ ಯೋಚಿಸಿರಬೇಕು. ಆಮೇಲೆ ಸೌಂಡ್ ಹಾಕಿ ಮತ್ತೆ ತೋರಿಸಿ. ಒಂದೆರಡು ಊಹೆ ತಲೆಕೆಳಗಾಗುವಂಥ ವಿಡಿಯೊವನ್ನೇ ಬೇಕೆಂದೇ ಆರಿಸಿ.

ದನಿಯ ಪಾಠಕ್ಕೆ ‘ಆಯ್ತು’ ಎಂಬ ಒಂದೇ ಪದ ಸಾಕು. ಒಪ್ಪಿಗೆ, ಸಿಡುಕು, ಅನುಮಾನ, ನಿರಾಸೆ ಎಂದು 4 ಚೀಟಿ ಬರೆಯಿರಿ. ಒಬ್ಬರು ಚೀಟಿಯೆತ್ತಿ ಆ ಭಾವದಲ್ಲಿ ‘ಆಯ್ತು’ ಅನ್ನಲಿ, ಉಳಿದವರು ಬೆನ್ನು ತಿರುಗಿಸಿ ಕೂತು ಗುರುತಿಸಲಿ. ಮುಖ ಕಂಡರೆ ಕಿವಿ ಸೋಮಾರಿಯಾಗುತ್ತದೆ.

ಅಂತರಕ್ಕೆ ಅಳತೆ ಟೇಪು ಬೇಕು. ಒಬ್ಬರು ನಿಂತಿರಲಿ, ಇನ್ನೊಬ್ಬರು ನಿಧಾನವಾಗಿ ಹತ್ತಿರ ಬರಲಿ. ಕಸಿವಿಸಿಯಾದ ಕೂಡಲೇ ನಿಂತವರು ಕೈ ಎತ್ತಲಿ, ಅಳೆಯಿರಿ. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಗುರುತಿಸಿದ ಗಡಿಗಳು: ತೀರಾ ಆಪ್ತರಿಗೆ ಸುಮಾರು 45 ಸೆಂಟಿಮೀಟರ್‌ವರೆಗೆ, ಗೆಳೆಯರು ಪರಿಚಿತರಿಗೆ ಸುಮಾರು 1.2 ಮೀಟರ್‌ವರೆಗೆ. ಅವು ಅಮೆರಿಕನ್ನರನ್ನು ನೋಡಿ ಹೇಳಿದವು, ನಿಮ್ಮ ತರಗತಿಯ ಅಂಕಿ ಬೇರೆ ಬಂದರೆ ಅದನ್ನೇ ಬೋರ್ಡಿನ ಮೇಲೆ ಬರೆಯಿರಿ.

‘ಸಂವಹನದಲ್ಲಿ ಪದಗಳ ಪಾಲು ಶೇ 7 ಮಾತ್ರ’ ಎಂಬ ಸ್ಲೈಡ್ ಇದ್ದರೆ ಅಳಿಸಿಬಿಡಿ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಅಂಕಿ ಅದು. ಪದ, ದನಿ, ಮುಖ ಒಂದಕ್ಕೊಂದು ತಾಳೆಯಾಗದಾಗ ಇಷ್ಟಾನಿಷ್ಟವನ್ನು ಹೇಗೆ ಅಳೆಯುತ್ತೇವೆ ಎಂಬುದಕ್ಕಷ್ಟೇ ಅದು ಸಲ್ಲುತ್ತದೆ.

ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದಕ್ಕೆ ಅಂಕ ಕೊಡಬೇಡಿ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಅದು ಹಿಂಸೆ. ನೋಟ ತಪ್ಪಿಸಿಯೂ ಅವರು ಪೂರ್ತಿ ಕೇಳಿಸಿಕೊಳ್ಳುತ್ತಿರಬಹುದು.

ಕೊನೆಗೆ ಊಹೆಯನ್ನು ಕೇಳಿ ಖಚಿತಮಾಡಿಕೊಳ್ಳುವ ಅಭ್ಯಾಸ, ಜೋಡಿಯಾಗಿ 5 ನಿಮಿಷ. ‘ನಿನಗೆ ಕೋಪ ಬಂದಿದೆ’ ಅನ್ನುವಂತಿಲ್ಲ. ‘ಆಗಿನಿಂದ ಸುಮ್ಮನಾಗಿದ್ದೀಯ, ಏನಾದರೂ ಹೇಳೋದಿತ್ತಾ?’ ಅನ್ನಬೇಕು, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು.