‘ಆಗಬಹುದು’, ‘ಆದೀತು’: ವಿಜ್ಞಾನ ಬಲ್ಲವರಿಗೆ ಇಂಗ್ಲಿಷ್ ಕಲಿಸುವ ಬಗೆ

ನಾನು ಓದಿದ್ದು ಸಾಹಿತ್ಯ. ಜೀವಶಾಸ್ತ್ರದ ಸಹವಾಸ ಹೈಸ್ಕೂಲಿಗೇ ಮುಗಿದಿತ್ತು. ಆದರೂ 10 ವರ್ಷದಿಂದ ಡಾಕ್ಟರು, ನರ್ಸು, ಲ್ಯಾಬಿನವರಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಮೊದಲ ಕ್ಲಾಸಿಗೆ 60 ವೈದ್ಯಕೀಯ ಪದಗಳ ಪಟ್ಟಿ ಮಾಡಿಕೊಂಡು ಹೋಗಿದ್ದೆ. ‘ಅಕ್ಯೂಟ್’ ಅಂದರೆ ‘ತೀವ್ರ’ ಎಂದು ಬೋರ್ಡಿನ ಮೇಲೆ ಬರೆದೆ. ಎದುರಿಗಿದ್ದ ಡಾಕ್ಟರೊಬ್ಬರು ಮೆಲ್ಲಗೆ, “ಮೇಡಂ, ತೀವ್ರ ಅನ್ನೋಕೆ ಸಿವಿಯರ್ ಅಂತೀವಿ. ಅಕ್ಯೂಟ್ ಅಂದ್ರೆ ದಿಢೀರ್ ಅಂತ ಶುರುವಾಗಿದ್ದು. ಮಾಮೂಲಿ ನೆಗಡಿನೂ ಅಕ್ಯೂಟೇ” ಅಂದರು. ಪಟ್ಟಿ ಮಡಚಿ ಬ್ಯಾಗಿಗೆ ಹಾಕಿದವಳು ಇವತ್ತಿಗೂ ಹೊರಗೆ ತೆಗೆದಿಲ್ಲ.

ಇಂಥವರಿಗೆ ಕಲಿಸಹೊರಟ ನೀವೂ ತೆಗೆಯಬೇಡಿ. ಈ ಮಟ್ಟಕ್ಕೆ ಬಂದವರಿಗೆ ಪಾರಿಭಾಷಿಕ ಪದ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ಎಡವುವುದು ದಿನಬಳಕೆಯ ಪದಗಳಲ್ಲಿ. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಅನ್‌ರಿಮಾರ್ಕಬಲ್’ ಅಂತಿದ್ದರೆ ಖುಷಿಪಡಬೇಕು, ಎಲ್ಲ ಸರಿಯಿದೆ ಎಂದರ್ಥ. ‘ಪಾಸಿಟಿವ್’ ಬಂತೆಂದರೆ ಬಹಳ ಸಲ ಕೆಟ್ಟ ಸುದ್ದಿ. ಕೇಸ್ ಶೀಟಿನಲ್ಲಿ ರೋಗಿ ಎದೆನೋವನ್ನು ‘ಡಿನೈ’ ಮಾಡಿದರು ಎಂದು ಬರೆದರೆ, ಎದೆನೋವು ಇಲ್ಲ ಅಂದರು, ಅಷ್ಟೆ. ಬಳಸೀ ಬಳಸೀ ಈ ಪದಗಳ ಇನ್ನೊಂದು ಅರ್ಥ ಅವರಿಗೆ ಮರೆತೇ ಹೋಗಿರುತ್ತದೆ.

ಇದಕ್ಕೆ ನಾನು ಮಾಡಿಸುವ ಚಟುವಟಿಕೆ ಸುಲಭದ್ದು. ನಾನು ರೋಗಿ, ಅವರು ಡಾಕ್ಟರು. ರಿಪೋರ್ಟ್ ಹಿಡಿದು ಜಗಳಕ್ಕೆ ಹೋಗುತ್ತೇನೆ: “ನಾನೇನು ಸುಳ್ಳು ಹೇಳಿದೆನಾ? ಡಿನೈ ಅಂತ ಯಾಕೆ ಬರೆದಿರಿ?” ಆ ಪದ ಬಳಸದೆ, ಮನೆಮಾತಿನಂಥ ಇಂಗ್ಲಿಷಿನಲ್ಲಿ ಅವರು ನನ್ನನ್ನು ಸಮಾಧಾನ ಮಾಡಬೇಕು. ನನಗೆ ನಿಜಕ್ಕೂ ಏನೂ ಗೊತ್ತಿರದ ಕಾರಣ ನಟಿಸುವ ಕಷ್ಟ ಇಲ್ಲ. ವಿಜ್ಞಾನ ಗೊತ್ತಿಲ್ಲವೆಂದು ಹಿಂಜರಿಯುವ ಮೇಷ್ಟ್ರುಗಳಿಗೆ ನಾನು ಹೇಳುವುದು ಇದನ್ನೇ: ನಮ್ಮ ಅಜ್ಞಾನವೇ ಇಲ್ಲಿ ಬಂಡವಾಳ. ಗೊತ್ತಿರುವವರ ಹಾಗೆ ತಲೆಯಾಡಿಸಿದಿರೋ, ಪಾಠ ಅಲ್ಲಿಗೇ ನಿಂತಿತು.

ಹೆಚ್ಚು ಹೊತ್ತು ಕೊಡಬೇಕಾದದ್ದು ಬೇರೆಯೇ ಇದೆ. ಒಂದು ಮಾತನ್ನು ಎಷ್ಟು ಖಚಿತವಾಗಿ ಹೇಳುವುದು? ಕನ್ನಡದಲ್ಲಿ ಇದು ನಮಗೆ ಕರತಲಾಮಲಕ. ಮಳೆ ಬರುತ್ತದೆ, ಬರಬಹುದು, ಬಂದೀತು, ಬಂದರೂ ಬಂದೀತು. ನಾಲ್ಕಕ್ಕೂ ತೂಕ ಬೇರೆ ಎಂದು ಯಾರೂ ಕಲಿಸಬೇಕಿಲ್ಲ. ಅದೇ ಇಂಗ್ಲಿಷಿಗೆ ಬಂದರೆ ‘ಮೇ’, ‘ಮೈಟ್’, ‘ಕುಡ್’ ಎಲ್ಲವನ್ನೂ ‘ಬಹುದು’ ಎಂಬ ಒಂದೇ ಗೂಟಕ್ಕೆ ಕಟ್ಟಿಬಿಡುತ್ತೇವೆ. ‘ಲಿಂಕ್ಡ್ ಟು’, ‘ಅಸೋಸಿಯೇಟೆಡ್ ವಿತ್’, ‘ಕಾಂಟ್ರಿಬ್ಯೂಟ್ಸ್ ಟು’, ‘ಕಾಸಸ್’ ಇವುಗಳ ನಡುವಿನ ಅಂತರವೂ ಕಣ್ಣಿಗೆ ಬೀಳುವುದಿಲ್ಲ. ಮೊದಲೆರಡು ಹೇಳುವುದು ಎರಡು ಸಂಗತಿ ಒಟ್ಟಿಗೆ ಕಂಡವು ಎಂದಷ್ಟೇ. ಕೊನೆಯದು ಒಂದರಿಂದಲೇ ಇನ್ನೊಂದು ಆಯಿತು ಎನ್ನುತ್ತದೆ.

ನನ್ನ ಮೆಚ್ಚಿನ ಪಾಠ ಬ್ಯಾರಿ ಮಾರ್ಷಲ್ ಕಥೆ. ಹೊಟ್ಟೆಹುಣ್ಣಿಗೆ ಮಾನಸಿಕ ಒತ್ತಡ, ಆಮ್ಲ ಕಾರಣವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಈ ಆಸ್ಟ್ರೇಲಿಯಾದ ವೈದ್ಯ ಬ್ಯಾಕ್ಟೀರಿಯಾದ ಮೇಲೆ ಅನುಮಾನಪಟ್ಟ. 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣವನ್ನು ತಾನೇ ಕುಡಿದ. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ. ಎಂಡೋಸ್ಕೋಪಿ ಮಾಡಿದಾಗ ಜಠರದ ಒಳಪದರದಲ್ಲಿ ಉರಿಯೂತ ಕಂಡಿತು. 2005ರಲ್ಲಿ ಸಹಸಂಶೋಧಕ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು.

ಕಥೆ ಹೇಳಿ ಮುಗಿಸಿ, ಎರಡು ವಾಕ್ಯ ಬರೆಯಲು ಹೇಳಿ. ಕುಡಿದ ಮರುವಾರ ಆತ ಪ್ರಾಮಾಣಿಕವಾಗಿ ಬರೆಯಬಹುದಾಗಿದ್ದ ವಾಕ್ಯ ಒಂದು. ಇವತ್ತಿನ ಪಠ್ಯಪುಸ್ತಕದ ವಾಕ್ಯ ಇನ್ನೊಂದು. ಮೊದಲನೆಯದರಲ್ಲಿ ಅರ್ಧ ಕ್ಲಾಸು ‘ಪ್ರೂವ್ಡ್’ ಎಂದು ಬರೆದಿರುತ್ತದೆ. ಆಗ ಕೇಳಿ: ಎಷ್ಟು ಜನ ಕುಡಿದರು? ಒಬ್ಬ. ಅವನಿಗೆ ಆಗಿದ್ದೇನು? ಉರಿಯೂತ. ಹುಣ್ಣು ಆಯಿತಾ? ಇಲ್ಲ! ಇಲ್ಲಿಂದ ‘ಸಜೆಸ್ಟ್ಸ್’, ‘ಕ್ಯಾನ್ ಕಾಸ್’, ‘ಇನ್ ಅಟ್ ಲೀಸ್ಟ್ ಒನ್ ಕೇಸ್’ ಎಲ್ಲವೂ ಅವರ ಬಾಯಿಂದಲೇ ಬರುತ್ತವೆ. ವ್ಯಾಕರಣದ ನಿಯಮ ಹೇಳುವ ಮೊದಲೇ ಅದರ ಅಗತ್ಯ ಅವರಿಗೆ ತಟ್ಟಿರುತ್ತದೆ.

ಎರಡು ವಾರ ಇದನ್ನು ಮಾಡಿಸಿದರೆ ಉಲ್ಟಾ ಕಾಯಿಲೆ ಅಂಟುತ್ತದೆ. ‘ಮೇ ಪಾಸಿಬ್ಲಿ ಸಜೆಸ್ಟ್’ ಎಂದು ಮೂರು ಮೂರು ಅನುಮಾನ ಪೋಣಿಸತೊಡಗುತ್ತಾರೆ. ಒಂದು ವಾಕ್ಯಕ್ಕೆ ಒಂದೇ ಅನುಮಾನ ಎಂದು ಕಟ್ಟುನಿಟ್ಟು ಮಾಡಿ. ಹಿಂಜರಿಕೆಯ ಸೊಗಸು ತೋರಿಸಬೇಕೆಂದರೆ, 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆ ಪ್ರಕಟಿಸಿದ ಪುಟ್ಟ ಲೇಖನ ಓದಿಸಿ. ಈ ಜೋಡಣೆಯೇ ಆನುವಂಶಿಕ ವಸ್ತುವಿನ ನಕಲಿನ ಗುಟ್ಟನ್ನು ಸೂಚಿಸುತ್ತದೆ ಎಂಬ ಅಷ್ಟು ದೊಡ್ಡ ಮಾತನ್ನು, ಅದು ನಮ್ಮ ಗಮನಕ್ಕೆ ಬಾರದೆ ಹೋಗಿಲ್ಲ ಎಂಬ ಧಾಟಿಯಲ್ಲಿ ಹೇಳಿ ಮುಗಿಸುತ್ತಾರೆ. ‘ನನಗೇನು ಗೊತ್ತಿಲ್ಲದ್ದಲ್ಲ’ ಎನ್ನುವ ನಮ್ಮವರಿಗೆ ಈ ಬಿಗುಮಾನ ತಕ್ಷಣ ಅರ್ಥವಾಗುತ್ತದೆ.

ಅಂಕಿಗಳ ಇಂಗ್ಲಿಷಿಗೂ ಒಂದು ಕ್ಲಾಸು ಬೇಕು. 100 ಮಿಲಿಗ್ರಾಂ ಔಷಧವನ್ನು ‘ಬೈ 20 ಪರ್ಸೆಂಟ್’ ಇಳಿಸಿದರೆ ಉಳಿಯುವುದು 80, ‘ಟು 20 ಪರ್ಸೆಂಟ್’ ಇಳಿಸಿದರೆ 20. ಪ್ರಿಪೊಸಿಷನ್ ಪಾಠಕ್ಕೆ ಆಕಳಿಸುತ್ತಿದ್ದವರು ಇಲ್ಲಿ ನೆಟ್ಟಗೆ ಕೂರುತ್ತಾರೆ. ಹಾಗೆಯೇ, ಸಾವಿರದಲ್ಲಿ ಇಬ್ಬರಿಗೆ ಬರುತ್ತಿದ್ದ ರೋಗ ಒಂದು ಮಾತ್ರೆಯಿಂದ ಒಬ್ಬರಿಗೆ ಇಳಿಯಿತು ಎಂದಿಟ್ಟುಕೊಳ್ಳಿ. ಅಪಾಯ ಅರ್ಧಕ್ಕೆ ಇಳಿಯಿತು ಎಂದರೂ ನಿಜ, ಸಾವಿರಕ್ಕೆ ಒಬ್ಬರಿಗೆ ಲಾಭ ಎಂದರೂ ನಿಜ. ಅರ್ಧ ಕ್ಲಾಸು ಮಾತ್ರೆ ಮಾರುವವರ ಪರವಾಗಿ, ಉಳಿದರ್ಧ ರೋಗಿಯ ಮಗಳಿಗೆ ವಿವರಿಸುವಂತೆ ಬರೆಯಲಿ.

ಓದಿಸಲು ಏನು ಕೊಡುವುದು? ಇಡೀ ಸಂಶೋಧನಾ ಪ್ರಬಂಧ ಬೇಡ, ಸಾರಾಂಶ ಸಾಕು. ಪ್ರಯೋಗ ಹೇಗೆ ಮಾಡಿದರು ಎನ್ನುವ ವಿಧಾನದ ಭಾಗವನ್ನು ನಾನು ಹಾರಿಸಿಬಿಡುತ್ತೇನೆ. ಅಲ್ಲಿನ ಕರ್ಮಣಿ ಪ್ರಯೋಗ ಅವರಿಗೆ ಬೇಕಾದ್ದಕ್ಕಿಂತ ಹೆಚ್ಚೇ ರೂಢಿಯಾಗಿದೆ. ಪಬ್‌ಮೆಡ್ ಸೆಂಟ್ರಲ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಪೂರ್ತಿ ಲೇಖನಗಳು ಉಚಿತ. ಒಂದೇ ವಿಷಯದ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಗಳಲ್ಲಿ ತಜ್ಞರ ಸಾರಾಂಶದ ಜೊತೆಗೆ ಸಾಮಾನ್ಯರಿಗೆಂದೇ ಬರೆದ ಸರಳ ಸಾರಾಂಶವೂ ಇರುತ್ತದೆ. ಎರಡನೆಯದನ್ನು ಬಚ್ಚಿಟ್ಟು, ಮೊದಲನೆಯದನ್ನು ಓದಿ ತಾವೇ ಸರಳವಾಗಿ ಬರೆಯಲಿ. ಆಮೇಲೆ ಹೋಲಿಸಲಿ. ಅವರದ್ದೇ ಚೆನ್ನಾಗಿರುವ ದಿನವೂ ಉಂಟು.

ಉಚ್ಚಾರಣೆಯಲ್ಲಿ ‘ಹೈಪರ್’ (ಹೆಚ್ಚು), ‘ಹೈಪೊ’ (ಕಡಿಮೆ) ಒಂದರ ಹಾಗೆ ಇನ್ನೊಂದು ಕೇಳಿಸುತ್ತವೆ. ಫೋನಿನಲ್ಲಿ ಹೇಳುವಾಗ ‘ಹೈ’ ಅಥವಾ ‘ಲೋ’ ಎಂದು ಜೊತೆಗೆ ಸೇರಿಸುವ ಅಭ್ಯಾಸ ಮಾಡಿಸಿ.

ವಿಜ್ಞಾನದ ವಿಷಯಕ್ಕೆ ಇಬ್ಬರು ಜಗಳಕ್ಕೆ ಬಿದ್ದರೆ ತೀರ್ಪು ಕೊಡಲು ಹೋಗಬೇಡಿ. ತಪ್ಪುಗಳನ್ನು ಸುಮ್ಮನೆ ಬರೆದುಕೊಳ್ಳಿ, ಕೊನೆಯ 10 ನಿಮಿಷದಲ್ಲಿ ಹೆಸರು ಹೇಳದೆ ಬೋರ್ಡಿಗೆ ಹಾಕಿ.

ಇನ್ನೊಂದು ವಿಷಯ ನಾನು ತಡವಾಗಿ ಕಲಿತೆ. ಒಮ್ಮೆ ಕ್ಯಾನ್ಸರ್ ಕುರಿತ ಪಠ್ಯ ಹಂಚಿದಾಗ ನರ್ಸೊಬ್ಬರು ಸದ್ದಿಲ್ಲದೆ ಎದ್ದು ಹೋದರು. ಅವರ ತಾಯಿ ಆಗ ಆಸ್ಪತ್ರೆಯಲ್ಲಿದ್ದರಂತೆ. ಈಗ ವಾರ ಮೊದಲೇ ವಿಷಯ ತಿಳಿಸುತ್ತೇನೆ, ಬ್ಯಾಗಿನಲ್ಲಿ ಇನ್ನೊಂದು ಪಠ್ಯ ಇಟ್ಟುಕೊಂಡಿರುತ್ತೇನೆ. ಸಾಮಾನ್ಯವಾಗಿ ಅದು ನಿದ್ದೆಯ ಬಗ್ಗೆ ಇರುತ್ತದೆ. ನೈಟ್ ಡ್ಯೂಟಿಯವರಿಗೆ ಅದರಲ್ಲಿ ಹೇಳಿಕೊಳ್ಳುವುದು ಬೇಕಾದಷ್ಟಿದೆ.