ನಾಯಿ ಕೆರೆದುಕೊಳ್ಳುವುದು ನಿಲ್ಲುತ್ತಿಲ್ಲವೇ? ಎಂಟು ವಾರದ ಊಟದ ಪರೀಕ್ಷೆ ಮನೆಯಲ್ಲೇ ಮಾಡಿ

"ಚಿಕನ್‌ನಿಂದ ಇರಲಿಕ್ಕಿಲ್ಲ ಡಾಕ್ಟ್ರೇ, ಮರಿಯಾಗಿದ್ದಾಗಿನಿಂದ ಅದನ್ನೇ ತಿಂತಾ ಇದೆ."

ಕೆರೆದು ಕೆರೆದು ಹೊಟ್ಟೆ ಕೆಂಪಗಾದ ನಾಯಿಯನ್ನು ಕ್ಲಿನಿಕ್‌ಗೆ ಕರೆತಂದವರು ಹೆಚ್ಚಾಗಿ ಹೇಳುವ ಮಾತಿದು. ಕೇಳಿದರೆ ಸರಿ ಅನ್ನಿಸುತ್ತದೆ. ಎರಡು ವರ್ಷ ಏನೂ ಮಾಡದ ಕೋಳಿ ಈಗ್ಯಾಕೆ ತೊಂದರೆ ಕೊಡುತ್ತದೆ? ಆದರೆ ಅಲರ್ಜಿಯ ಲೆಕ್ಕವೇ ಉಲ್ಟಾ. ದೇಹಕ್ಕೆ ಮೊದಲು ಒಂದು ವಸ್ತುವಿನ ಪರಿಚಯ ಆಗಬೇಕು, ಆಮೇಲೇ ಅದು ತಿರುಗಿ ಬೀಳುವುದು. ಹಾಗಾಗಿ ನಾಯಿಯ ಊಟದಲ್ಲಿ ಅನುಮಾನಿಸಬೇಕಾದದ್ದು ಮೊನ್ನೆ ತಂದ ಹೊಸ ತಿಂಡಿಯನ್ನಲ್ಲ, ದಿನಾ ತಟ್ಟೆಗೆ ಬೀಳುವ ಹಳೆಯದನ್ನು.

ಈ ವಿಷಯ ಜಗತ್ತಿಗೆ ಗೊತ್ತಾಗಿದ್ದೇ ನಾಯಿಗಳಿಂದ. ಫ್ರಾನ್ಸ್‌ನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಗಳ ವಿಷದ ಬಗ್ಗೆ ಕೆಲಸ ಮಾಡುತ್ತಿದ್ದರು. ನೆಪ್ಚೂನ್ ಎಂಬ ನಾಯಿಗೆ ಒಮ್ಮೆ ವಿಷ ಚುಚ್ಚಿದರು. ಅದು ಆರಾಮವಾಗಿತ್ತು. ಕೆಲವು ವಾರ ಬಿಟ್ಟು ಅದೇ ವಿಷ ಮತ್ತೆ ಕೊಟ್ಟರೆ ಅರ್ಧ ಗಂಟೆಯೊಳಗೆ ಸತ್ತುಹೋಯಿತು. 1902ರಲ್ಲಿ ಅವರು ಇದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. 1913ರಲ್ಲಿ ರಿಶೆಗೆ ನೊಬೆಲ್ ಬಂತು. ನೆಪ್ಚೂನ್‌ಗೆ ಏನೂ ಬರಲಿಲ್ಲ, ಪಾಪ.

ಒಳಗೆ ನಡೆಯುವುದು ಇಷ್ಟು. ಮೊದಲ ಪರಿಚಯದಲ್ಲಿ ದೇಹ ಆ ವಸ್ತುವಿನ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಿಸಿ, ಚರ್ಮದ ಕೆಳಗಿರುವ ಮಾಸ್ಟ್ ಕೋಶಗಳ ಮೇಲೆ ಕೂರಿಸುತ್ತದೆ. ಮುಂದಿನ ಸಲ ಆ ವಸ್ತು ಬಂದು ಅಕ್ಕಪಕ್ಕದ ಎರಡು ಪ್ರತಿಕಾಯಗಳಿಗೆ ಒಟ್ಟಿಗೆ ಅಂಟಿಕೊಂಡರೆ ಕೋಶ ತನ್ನೊಳಗಿನ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತದೆ. ತುರಿಕೆ, ಊತ, ಕೆಂಪು ಎಲ್ಲ ಅದರದ್ದೇ. ಇದು ಮೊದಲನೇ ಬಗೆ. 1963ರಲ್ಲಿ ಜೆಲ್ ಮತ್ತು ಕೂಂಬ್ಸ್ ಎಂಬ ಇಬ್ಬರು ಇಂಥ ಅತಿಸೂಕ್ಷ್ಮತೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ನಾಲ್ಕನೆಯದು ನಿಧಾನದ್ದು. ಹಸುವಿಗೆ ಕ್ಷಯ ಇದೆಯೇ ಎಂದು ನೋಡಲು ಚರ್ಮಕ್ಕೆ ಟ್ಯೂಬರ್ಕ್ಯುಲಿನ್ ಚುಚ್ಚಿ, 72 ಗಂಟೆ ಬಿಟ್ಟು ಬಂದು ಊತ ಅಳೆಯುತ್ತಾರಲ್ಲ, ಅದು ಈ ನಾಲ್ಕನೇ ಬಗೆ. ನಾಯಿಯ ಊಟದ ಅಲರ್ಜಿಯಲ್ಲಿ ಎರಡೂ ಬಗೆ ಸೇರಿಕೊಂಡಿರಬಹುದು. ರಕ್ತದಲ್ಲಿ ಐಜಿಇ ಹುಡುಕುವ ಪರೀಕ್ಷೆ ಇಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ನೇರವಾಗಿ ಹೇಳುತ್ತೇನೆ: ಊಟದ ಅಲರ್ಜಿ ಕಂಡುಹಿಡಿಯಲು ರಕ್ತ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಕೂದಲು, ಜೊಲ್ಲು ಕಳಿಸಿ ಎನ್ನುವ ಕಿಟ್‌ಗಳಂತೂ ಬೇಡವೇ ಬೇಡ. ಸಂಶೋಧಕರು ಇಂಥದ್ದೊಂದು ಕಿಟ್‌ಗೆ ನಕಲಿ ತುಪ್ಪಳ ಮತ್ತು ನಕಲಿ ಜೊಲ್ಲು ಕಳಿಸಿ ನೋಡಿದ್ದಾರೆ. ಅದಕ್ಕೂ ಅಲರ್ಜಿಗಳ ಪಟ್ಟಿ ಬಂದಿತ್ತು! ನಂಬಬಹುದಾದ ಪರೀಕ್ಷೆ ಒಂದೇ. ಹಳೆಯ ಊಟ ಪೂರ್ತಿ ನಿಲ್ಲಿಸಿ, ಹೊಸದನ್ನು ಎಂಟು ವಾರ ಕೊಟ್ಟು, ಮತ್ತೆ ಹಳೆಯದನ್ನು ಕೊಟ್ಟು ನೋಡುವುದು.

ಹಂತ 1: ಮೊದಲು ಚಿಗಟ, ಕಜ್ಜಿ, ಸೋಂಕು

ಊಟಕ್ಕೆ ಕೈ ಹಾಕುವ ಮುಂಚೆ ಇವು ಮೂರೂ ಇಲ್ಲ ಎಂದು ಖಾತ್ರಿಯಾಗಬೇಕು. ಇಲ್ಲದಿದ್ದರೆ ಎರಡು ತಿಂಗಳ ಶ್ರಮ ದಂಡ.

ಚಿಗಟದಿಂದ ಶುರು ಮಾಡಿ. ಒಂದು ಬಿಳಿ ಟಿಶ್ಯೂ ಪೇಪರ್ ಒದ್ದೆ ಮಾಡಿ ನೆಲದ ಮೇಲೆ ಹಾಸಿ. ಅದರ ಮೇಲೆ ನಾಯಿಯನ್ನು ನಿಲ್ಲಿಸಿ, ಬಾಲದ ಬುಡದಿಂದ ಬೆನ್ನಿನವರೆಗೆ ಹೇನಿನ ಬಾಚಣಿಗೆಯಿಂದ ಬಾಚಿ. ಮೆಣಸಿನ ಪುಡಿಯ ಹಾಗೆ ಕಪ್ಪು ಕಾಳು ಉದುರಬಹುದು. ಒಂದು ನಿಮಿಷ ಕಾಯಿರಿ. ಮಣ್ಣಾದರೆ ಮಣ್ಣಿನ ಬಣ್ಣದಲ್ಲೇ ಇರುತ್ತದೆ. ಕಾಳಿನ ಸುತ್ತ ತುಕ್ಕಿನ ಬಣ್ಣದ ಕೆಂಪು ಉಂಗುರ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯ ಜೀರ್ಣವಾದ ರಕ್ತ.

"ಒಂದೂ ಚಿಗಟ ಕಾಣ್ತಿಲ್ಲ" ಎಂದು ಸುಮ್ನೆ ಕೂರಬೇಡಿ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತ ಸಾಕು, ದಿನಗಟ್ಟಲೆ ಕೆರೆಯುತ್ತದೆ. ಮೈಮೇಲಿರುವ ಚಿಗಟ ಒಟ್ಟು ಸಂಖ್ಯೆಯ ಸುಮಾರು 5 ಶೇಕಡಾ ಮಾತ್ರ. ಉಳಿದದ್ದು ಮೊಟ್ಟೆ, ಮರಿ, ಗೂಡಾಗಿ ಹಾಸಿಗೆಯಲ್ಲಿ, ಸೋಫಾ ಸಂದಿಯಲ್ಲಿ ಇರುತ್ತದೆ. ನಮ್ಮ ಚಳಿಗಾಲಕ್ಕೆ ಅವು ಸಾಯುವುದೂ ಇಲ್ಲ. ಪಶುವೈದ್ಯರು ಹೇಳಿದ ಮದ್ದನ್ನು ಮನೆಯಲ್ಲಿರುವ ಎಲ್ಲ ಪ್ರಾಣಿಗಳಿಗೂ ಕನಿಷ್ಠ ಮೂರು ತಿಂಗಳು ತಪ್ಪದೆ ಕೊಡಿ. ಒಂದು ಎಚ್ಚರಿಕೆ: ಪರ್ಮೆಥ್ರಿನ್ ಇರುವ ನಾಯಿ ಮದ್ದನ್ನು ಬೆಕ್ಕಿಗೆ ಹಚ್ಚಿದರೆ ಬೆಕ್ಕಿನ ಜೀವಕ್ಕೇ ಅಪಾಯ.

ಕಿವಿಯ ಅಂಚು, ಮೊಣಕೈ ಜಾಗದಲ್ಲಿ ಹೊಟ್ಟು ಹೊಟ್ಟಾಗಿ ಕೂದಲು ಉದುರಿದ್ದರೆ, ಮನೆಯವರಿಗೂ ತುರಿಕೆ ಶುರುವಾಗಿದ್ದರೆ, ಅದು ಕಜ್ಜಿ ಹುಳ ಇರಬಹುದು. ಚರ್ಮ ಕೆರೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿಸಿ. ಪ್ರತಿ ಸಲವೂ ಹುಳ ಸಿಗುವುದಿಲ್ಲ, ಅನುಮಾನ ಜಾಸ್ತಿ ಇದ್ದರೆ ವೈದ್ಯರು ಚಿಕಿತ್ಸೆ ಕೊಟ್ಟೇ ನೋಡುತ್ತಾರೆ. ಇನ್ನು ಜಿಡ್ಡು ಜಿಡ್ಡಾದ ಮೈ, ಮುಗ್ಗಲು ವಾಸನೆ, ಕೀವು ಗುಳ್ಳೆ ಇದ್ದರೆ ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಸೋಂಕು ಸೇರಿಕೊಂಡಿದೆ. ಅದನ್ನು ಮೊದಲು ವಾಸಿ ಮಾಡಿ.

ಹಂತ 2: ಅಂಕ ಹಾಕಿ

ಗೋಡೆಯ ಕ್ಯಾಲೆಂಡರ್ ಸಾಕು. ದಿನಾ ರಾತ್ರಿ 0ಯಿಂದ 10ರೊಳಗೆ ಒಂದು ಅಂಕ. 0 ಅಂದರೆ ಕೆರೆತವೇ ಇಲ್ಲ, 10 ಅಂದರೆ ಊಟ ನಿದ್ದೆ ಬಿಟ್ಟು ಕೆರೆಯುತ್ತಿದೆ. ಪಾದ ನೆಕ್ಕುವುದು, ಕಿವಿ ಕೊಡವುವುದು, ಹಿಂಭಾಗ ನೆಲಕ್ಕೆ ಉಜ್ಜುವುದು ಕೂಡ ಕೆರೆತವೇ. ಬಿಳಿ ನಾಯಿಯ ಪಾದ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ನೀವು ನೋಡದಾಗ ನೆಕ್ಕಿದ ಗುರುತು. ದಿನಕ್ಕೆ ಎಷ್ಟು ಸಲ ಕಕ್ಕ ಮಾಡಿತು ಎಂದೂ ಬರೆಯಿರಿ. ಊಟದ ಅಲರ್ಜಿ ಇರುವ ಕೆಲವು ನಾಯಿಗಳಿಗೆ ಹೊಟ್ಟೆಯದ್ದೂ ತಕರಾರು ಇರುತ್ತದೆ.

ಹಂತ 3: ಹೊಸ ಊಟ ಯಾವುದು?

ಕಳೆದ ಒಂದು ವರ್ಷದಲ್ಲಿ ನಾಯಿ ತಿಂದದ್ದನ್ನೆಲ್ಲ ಬರೆಯಿರಿ. ನೀವೊಬ್ಬರೇ ಕೂತು ಬರೆದರೆ ಪಟ್ಟಿ ಅರ್ಧ ಆಗುತ್ತದೆ. ಅಜ್ಜಿ, ಮಕ್ಕಳು, ಕೆಲಸದವರು ಎಲ್ಲರನ್ನೂ ಕೇಳಿ. "ಬೆಳಗ್ಗೆ ಕಾಫಿ ಜೊತೆ ಎರಡು ಬಿಸ್ಕೆಟ್" ಆಗ ಹೊರಬರುತ್ತದೆ. ಆ ಬಿಸ್ಕೆಟ್‌ನಲ್ಲಿ ಗೋಧಿ ಇದೆ, ಹಾಲಿದೆ.

ನಾಯಿಗಳಲ್ಲಿ ಅಲರ್ಜಿ ತರುವ ಆಹಾರಗಳ ಪಟ್ಟಿಯಲ್ಲಿ ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಮೇಲಿನ ಸಾಲಿನಲ್ಲಿವೆ. ನಮ್ಮಲ್ಲಿ ಚಿಕನ್ ರೈಸ್, ಮೊಸರನ್ನ, ಚಪಾತಿ, ಮೊಟ್ಟೆ ತಿಂದು ಬೆಳೆದ ನಾಯಿಗಳೇ ಜಾಸ್ತಿ ಅಲ್ವಾ? ಅಂಥ ನಾಯಿಗೆ ಈ ನಾಲ್ಕೂ ಹಳೆಯವು. ಬೇಕಿರುವುದು ಅದು ಎಂದೂ ತಿನ್ನದ ಒಂದು ಪ್ರೋಟೀನ್, ಜೊತೆಗೆ ಎಂದೂ ತಿನ್ನದ ಒಂದು ಹಿಟ್ಟಿನ ಪದಾರ್ಥ. ಮೀನು ಮತ್ತು ಗೆಣಸು ಒಂದು ಜೋಡಿ. ಹಂದಿ ಮಾಂಸ ಮತ್ತು ಆಲೂಗಡ್ಡೆ ಇನ್ನೊಂದು. ಆದರೆ ಎಲ್ಲರಿಗೂ ಒಂದೇ ಪಟ್ಟಿ ಆಗುವುದಿಲ್ಲ. ಮಂಗಳೂರಿನಲ್ಲಿ ದಿನಾ ಬಂಗುಡೆ ತಿನ್ನುವ ನಾಯಿಗೆ ಮೀನು ಹೊಸದಲ್ಲ. ಮಡಿಕೇರಿಯ ನಾಯಿಗೆ ಪಂದಿ ಹೊಸದಲ್ಲ. ಮುದ್ದೆ ತಿಂದು ಬೆಳೆದ ನಾಯಿಗೆ ರಾಗಿಯೂ ಲೆಕ್ಕಕ್ಕಿಲ್ಲ. ಕೋಳಿ ಬಿಟ್ಟು ಬಾತುಕೋಳಿ, ಗೌಜಲು ಕೊಡುತ್ತೇವೆ ಎನ್ನುವುದೂ ಬೇಡ. ಹತ್ತಿರದ ಜಾತಿಗಳ ಪ್ರೋಟೀನ್ ಒಂದಕ್ಕೊಂದು ಹೋಲುತ್ತದೆ.

ನೀರಿನಲ್ಲಿ ಬೇಯಿಸಿ, ಅಷ್ಟೇ. ಮಸಾಲೆ, ಎಣ್ಣೆ ಒಗ್ಗರಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಬೇಯಿಸಿದ ಮೂಳೆ, ಮೀನಿನ ಮುಳ್ಳು ಪೂರ್ತಿ ತೆಗೆಯಿರಿ. ಹಳೆಯದನ್ನು ಕಡಿಮೆ ಮಾಡುತ್ತಾ, ಹೊಸದನ್ನು ಜಾಸ್ತಿ ಮಾಡುತ್ತಾ ನಾಲ್ಕೈದು ದಿನದಲ್ಲಿ ಬದಲಾಯಿಸಿ. ಪೂರ್ತಿ ಹೊಸ ಊಟಕ್ಕೆ ಬಂದ ದಿನವೇ ಮೊದಲನೇ ದಿನ. ಇಂಥ ಊಟದಲ್ಲಿ ಕ್ಯಾಲ್ಸಿಯಂ ಮುಂತಾದವು ಸಾಲುವುದಿಲ್ಲ. ಬೆಳೆದ ನಾಯಿ ಎಂಟು ವಾರ ತಡೆಯುತ್ತದೆ, ಬೆಳೆಯುವ ಮರಿ ತಡೆಯುವುದಿಲ್ಲ. ಮರಿಗಳಿಗೆ ವೈದ್ಯರನ್ನು ಕೇಳದೆ ಇದನ್ನು ಮಾಡಲೇಬೇಡಿ.

ಮಾಂಸ ಬೇಯಿಸದ ಮನೆಯವರಿಗೆ, ಅಡುಗೆಗೆ ಸಮಯವಿಲ್ಲದವರಿಗೆ ಹೈಡ್ರೊಲೈಸ್ಡ್ ಆಹಾರದ ಪ್ಯಾಕೆಟ್ ಇದೆ. ಇದರಲ್ಲಿ ಪ್ರೋಟೀನನ್ನು ಎಷ್ಟು ಚೂರು ಮಾಡಿರುತ್ತಾರೆಂದರೆ, ಒಂದೊಂದು ಚೂರಿಗೆ ಎರಡು ಪ್ರತಿಕಾಯಗಳನ್ನು ಒಟ್ಟಿಗೆ ಹಿಡಿಯುವ ಉದ್ದ ಇರುವುದಿಲ್ಲ. ಹಿಡಿಯದಿದ್ದರೆ ಕೋಶ ಹಿಸ್ಟಮಿನ್ ಚೆಲ್ಲುವುದಿಲ್ಲ. ದುಬಾರಿ, ನಿಜ. ಆದರೆ ಪೋಷಕಾಂಶದ ಚಿಂತೆ ಇರುವುದಿಲ್ಲ. ಪೆಟ್ ಅಂಗಡಿಯಲ್ಲಿ ಸಿಗುವ 'ಲಿಮಿಟೆಡ್ ಇಂಗ್ರೀಡಿಯೆಂಟ್' ಪ್ಯಾಕೆಟ್ ಬೇರೆ, ಇದು ಬೇರೆ. ಅಂಥ ಪ್ಯಾಕೆಟ್‌ಗಳನ್ನು ಪರೀಕ್ಷಿಸಿದಾಗ ಲೇಬಲ್‌ನಲ್ಲಿ ಹೇಳದ ಮಾಂಸ ಎಷ್ಟೋ ಸಲ ಸಿಕ್ಕಿದೆ.

ಹಂತ 4: ಎಂಟು ವಾರ ಬಾಯಿಗೆ ಬೀಗ

ಪರೀಕ್ಷೆ ಕೆಡುವುದು ಇಲ್ಲೇ. ನಾಯಿಯಿಂದಲ್ಲ, ಮನೆಯವರಿಂದ. "ಒಂದೇ ಒಂದು ತುಂಡು ಚಪಾತಿ, ಪಾಪ ನೋಡ್ತಾ ಇತ್ತು" ಎನ್ನುವ ಒಂದು ತುಂಡಿಗೆ ವಾರಗಟ್ಟಲೆ ಕೆರೆತ ವಾಪಸ್ ಬರಬಹುದು. ಆಮೇಲೆ ಊಟ ಕೆಲಸ ಮಾಡಲಿಲ್ಲವೋ ಚಪಾತಿ ಕೆಲಸ ಮಾಡಿತೋ ಯಾರಿಗೆ ಗೊತ್ತು?

ಗಮನಕ್ಕೆ ಬಾರದೆ ಒಳಗೆ ನುಸುಳುವ ವಸ್ತುಗಳೇ ಹೆಚ್ಚು ತೊಂದರೆ. ಜಗಿಯುವ ಚಿಗಟದ ಮಾತ್ರೆ, ಹುಳದ ಮಾತ್ರೆಗಳಿಗೆ ಮಾಂಸದ ರುಚಿ ಹಾಕಿರುತ್ತಾರೆ, ಹಾಗಾಗಿ ಈ ಅವಧಿಯಲ್ಲಿ ಬೆನ್ನಿಗೆ ಹಾಕುವ ಹನಿ ಮದ್ದು ಕೇಳಿ ಪಡೆಯಿರಿ. ನಾಯಿಯ ಟೂತ್‌ಪೇಸ್ಟ್‌ಗೆ ಕೋಳಿಯ ರುಚಿ ಇರುತ್ತದೆ. ಕ್ಯಾಪ್ಸೂಲ್‌ನ ಹೊರಕವಚ ಜೆಲಟಿನ್. ಕಡಿಯಲು ಕೊಡುವ ಚರ್ಮದ ಮೂಳೆ ದನದ್ದು. ಬೆಕ್ಕಿನ ಬಟ್ಟಲು, ಮಗು ಊಟ ಮಾಡುವ ಕುರ್ಚಿಯ ಕೆಳಗಿನ ನೆಲ, ಬೀದಿ ಮೂಲೆಯಲ್ಲಿ ಯಾರೋ ಸುರಿದ ಬಿರಿಯಾನಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವಾಕಿಂಗ್‌ಗೆ ಗಿಡ್ಡ ಬೆಲ್ಟ್ ಹಿಡಿಯಿರಿ. ಅಪಾರ್ಟ್‌ಮೆಂಟ್ ಆದರೆ ಸೆಕ್ಯೂರಿಟಿಯವರಿಗೂ ಹೇಳಿ, ಬಿಸ್ಕೆಟ್ ಕೊಡುವುದು ಹೆಚ್ಚಾಗಿ ಅವರೇ. ಟ್ರೀಟ್ ಕೊಡಲೇಬೇಕೆಂದರೆ ಅದೇ ಗೆಣಸನ್ನು ಬೇಯಿಸಿ ಒಣಗಿಸಿಡಿ.

ಗೌರಿ ಗಣೇಶ, ದಸರಾ ಎದುರಿಗಿದ್ದರೆ ಹಬ್ಬ ಮುಗಿಸಿಕೊಂಡೇ ಶುರು ಮಾಡಿ. ನೆಂಟರನ್ನೆಲ್ಲ ಕಾಯಲು ಯಾರಿಂದಲೂ ಆಗದು.

ಶುರುವಿನಲ್ಲಿ ಕೆರೆತ ತಡೆಯಲಾಗದಷ್ಟಿದ್ದರೆ ವೈದ್ಯರು ಸ್ವಲ್ಪ ದಿನ ಸ್ಟೆರಾಯ್ಡ್ ಅಥವಾ ಒಕ್ಲಾಸಿಟಿನಿಬ್ ಎಂಬ ತುರಿಕೆ ತಡೆಯುವ ಮಾತ್ರೆ ಕೊಡಬಹುದು. ಮದ್ದು ನಿಲ್ಲಿಸಿದ ಮೇಲೂ ಕನಿಷ್ಠ ಎರಡು ವಾರ ಊಟ ಮುಂದುವರಿಸಿದರೆ ಮಾತ್ರ ಉತ್ತರ ಸಿಗುತ್ತದೆ. ನೀವಾಗಿ ಮನುಷ್ಯರ ಮಾತ್ರೆ ಕೊಡಬೇಡಿ. ನೆಗಡಿ ಮಾತ್ರೆಗಳಲ್ಲಿ ಅಲರ್ಜಿ ಮದ್ದಿನ ಜೊತೆ ಬೇರೆಯವೂ ಸೇರಿರುತ್ತವೆ, ಅವು ನಾಯಿಗೆ ಅಪಾಯ.

ಕಾಯದೆ ಓಡಬೇಕಾದ ಸಮಯ

ಇಲ್ಲಿಯವರೆಗೆ ಹೇಳಿದ್ದು ನಿಧಾನದ ಕೆರೆತದ ವಿಷಯ. ಜೇನು ಕಚ್ಚಿದ ಮೇಲೆ, ಲಸಿಕೆ ಹಾಕಿಸಿದ ಮೇಲೆ ಮುಖ ಊದಿಕೊಂಡು ಮೈಯೆಲ್ಲ ದದ್ದು ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ವಾಂತಿ, ಭೇದಿ, ಒಸಡು ಬಿಳಿಚುವುದು, ಕುಸಿದು ಬೀಳುವುದು ಕಂಡರೆ ಒಂದು ನಿಮಿಷವೂ ಕಾಯಬೇಡಿ. ಮನುಷ್ಯರಿಗೆ ಇಂಥ ಹೊತ್ತಿನಲ್ಲಿ ಉಸಿರು ಕಟ್ಟುವುದು ಜಾಸ್ತಿ. ನಾಯಿಯಲ್ಲಿ ಪೆಟ್ಟು ಮೊದಲು ಬೀಳುವುದು ಯಕೃತ್ತಿಗೆ, ಹೊಟ್ಟೆಗೆ. ಉಸಿರಾಟ ಸರಿಯಿದೆ ಎಂದು ಮೋಸ ಹೋಗಬಾರದು. ಲಸಿಕೆಯ ನಂತರ ಅರ್ಧ ಗಂಟೆ ಕ್ಲಿನಿಕ್ ಬಳಿಯೇ ಇರಿ.

ಹಂತ 5: ಹಳೆಯ ಊಟ ವಾಪಸ್

ಊಟದ ಅಲರ್ಜಿ ಇರುವ ನಾಯಿಗಳಲ್ಲಿ ಸುಮಾರು 80 ಶೇಕಡಾ ಐದು ವಾರದಲ್ಲಿ ಸುಧಾರಿಸುತ್ತವೆ, 90ಕ್ಕಿಂತ ಹೆಚ್ಚು ಶೇಕಡಾ ಎಂಟು ವಾರದಲ್ಲಿ. ಮೂರನೇ ವಾರಕ್ಕೇ ಬೇಸತ್ತು ಬಿಡಬೇಡಿ.

ಅಂಕ 7ರಿಂದ 2ಕ್ಕೆ ಇಳಿಯಿತು ಅನ್ನಿ. ಖುಷಿಯಾಗುತ್ತದೆ, ಇಲ್ಲಿಗೇ ನಿಲ್ಲಿಸೋಣ ಅನ್ನಿಸುತ್ತದೆ. ನಿಲ್ಲಿಸಬೇಡಿ. ಅಷ್ಟರಲ್ಲಿ ಮಳೆಗಾಲ ಮುಗಿದಿರಬಹುದು, ಚಿಗಟ ಸತ್ತಿರಬಹುದು, ಸೋಂಕು ವಾಸಿಯಾಗಿರಬಹುದು. ಊಟವೇ ಕಾರಣ ಎಂದು ಗೊತ್ತಾಗುವುದು ಹಳೆಯ ಊಟ ಕೊಟ್ಟು ಕೆರೆತ ಮರಳಿದಾಗ ಮಾತ್ರ. ಕೆಲವಕ್ಕೆ ಗಂಟೆಗಳಲ್ಲೇ ಮರಳುತ್ತದೆ, ಹೆಚ್ಚಿನವಕ್ಕೆ ಎರಡು ವಾರದೊಳಗೆ. ಮರಳಿದ ಕೂಡಲೇ ಹೊಸ ಊಟಕ್ಕೆ ವಾಪಸ್ ಹೋಗಿ, ಶಾಂತವಾಗಲು ಬಿಡಿ. ಆಮೇಲೆ ಒಂದೊಂದನ್ನೇ ಎರಡೆರಡು ವಾರ ಸೇರಿಸಿ: ಮೊದಲು ಕೋಳಿ, ನಂತರ ಮೊಟ್ಟೆ, ಹಾಲು, ಗೋಧಿ. ಕೆರೆತ ತಂದದ್ದು ಯಾವುದೋ ಅದು ಜೀವಮಾನಕ್ಕೆ ಬಂದ್, ಉಳಿದದ್ದೆಲ್ಲ ಕೊಡಬಹುದು.

ಎಂಟು ವಾರ ಕಟ್ಟುನಿಟ್ಟಾಗಿ ಮಾಡಿಯೂ ಅಂಕ ಕದಲದಿದ್ದರೆ ಊಟ ಬಹುತೇಕ ನಿರಪರಾಧಿ. ಆಗ ಹೆಚ್ಚಾಗಿ ಉಳಿಯುವುದು ಅಟೋಪಿ. ಅಂದರೆ ಮನೆಧೂಳಿನ ನುಸಿ, ಪರಾಗ, ಬೂಷ್ಟಿನ ಅಲರ್ಜಿ. ಇದು ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ, ಪಾದ, ಮುಖ, ಕಂಕುಳನ್ನು ಹಿಡಿಯುತ್ತದೆ. ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲ, ಹಿಡಿತದಲ್ಲಿಡಬಹುದು. ಚರ್ಮದ ಪರೀಕ್ಷೆ, ರಕ್ತ ಪರೀಕ್ಷೆಗೆ ಅರ್ಥವಿರುವುದು ಈ ಘಟ್ಟದಲ್ಲಿ. ಅದೂ ಕಾಯಿಲೆ ಹೌದೋ ಅಲ್ಲವೋ ಎಂದು ತಿಳಿಯಲು ಅಲ್ಲ, ಅಲರ್ಜಿಯ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಒಗ್ಗಿಸುವ ಇಂಜೆಕ್ಷನ್‌ನಲ್ಲಿ ಏನೇನು ಸೇರಿಸಬೇಕು ಎಂದು ನಿರ್ಧರಿಸಲು.

ಕೋಳಿಯೇ ಕಾರಣ ಎಂದು ಗೊತ್ತಾದವರು ಪ್ಯಾಕೆಟ್‌ನ ಹಿಂಬದಿ ಓದುವುದನ್ನು ರೂಢಿ ಮಾಡಿಕೊಳ್ಳಿ. ಮುಂದೆ ದೊಡ್ಡದಾಗಿ 'ಕುರಿ ಮಾಂಸ' ಎಂದಿದ್ದರೂ ಹಿಂದೆ ಸಣ್ಣ ಅಕ್ಷರದಲ್ಲಿ 'ಪೌಲ್ಟ್ರಿ ಮೀಲ್' ಇರುತ್ತದೆ. ನಾಯಿಯ ಲಸಿಕೆ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ 'ಕೋಳಿ ಅಲರ್ಜಿ' ಎಂದು ವೈದ್ಯರಿಂದ ಬರೆಸಿ. ಮುಂದಿನ ಸಲ ಹುಳದ ಮಾತ್ರೆ ಕೊಡುವವರು ಬೇರೆ ಡಾಕ್ಟರ್ ಆಗಿರಬಹುದು.