ಬ್ಲೋವರ್ ಇಲ್ಲದೆ ಅಡಿಕೆ ಒಣಗಿಸಿದ ನನ್ನ ಅನುಭವ

ಕೊನೆಕೊಯ್ಲಿನ ಹೊತ್ತಿಗೂ ಮಳೆ ಬಿಡದ ತೀರ್ಥಹಳ್ಳಿ ಸೀಮೆಯಲ್ಲಿ, ಬೇಯಿಸಿದ ಅಡಿಕೆಯನ್ನು ಬಿಸಿಗಾಳಿ ತಾನಾಗಿ ಮೇಲೇರುವ ಬಲದಿಂದಲೇ ಒಣಗಿಸುತ್ತೇನೆಂದಾಗ ನಮ್ಮ ದೊಡ್ಡಪ್ಪನವರು, "ತಳ್ಳುವವರಿಲ್ಲದೆ ಗಾಳಿ ಅಡಿಕೆಯ ಸಂದಿಗೆ ನುಗ್ಗುವುದಿಲ್ಲ ಮಾರಾಯ" ಎಂದಿದ್ದರು. ನುಗ್ಗಿಸಲು ನನಗೆ ಮೂರು ವರ್ಷ ಹಿಡಿಯಿತು.

ಮೊದಲ ವರ್ಷ ಅಡಿಕೆ ಒಣಗಿಸುವ ಗೂಡಿನ ಮೇಲೆ ಹನ್ನೆರಡು ಅಡಿಯ ಚಿಮಣಿ ನಿಲ್ಲಿಸಿದೆ. ಶೀಟು, ವೆಲ್ಡಿಂಗ್, ಕೂಲಿ ಸೇರಿ ಸುಮಾರು 28 ಸಾವಿರ ರೂಪಾಯಿ ಹೋಯಿತು. ಒಲೆ ಧಗಧಗ ಉರಿಯುತ್ತಿದ್ದರೂ ಚಿಮಣಿಯ ಬಾಯಲ್ಲಿ ಹಿಡಿದ ಊದುಬತ್ತಿಯ ಹೊಗೆ ಮೇಲೇಳದೆ ಅಲ್ಲಲ್ಲೇ ಸುತ್ತುತ್ತಿತ್ತು. ಮೂರನೆಯ ದಿನಕ್ಕೆ ಬೂಸ್ಟು ಬಂದು ಹೆಚ್ಚುಕಡಿಮೆ ಎರಡು ಕ್ವಿಂಟಾಲ್ ಅಡಿಕೆ ಹಾಳಾಯಿತು. ಥರ್ಮಾಮೀಟರ್ ಇಟ್ಟು ನೋಡಿದಾಗ, ಅಡಿಕೆ ಹರಡಿದ ಜಾಲರಿಯ ಕೆಳಗೆ 65 ಡಿಗ್ರಿ ಇದ್ದ ಗಾಳಿ ಒದ್ದೆ ಅಡಿಕೆಯ ನೀರು ಹೀರಿ ಮೇಲೆ ಬರುವಷ್ಟರಲ್ಲಿ 34ಕ್ಕೆ ಇಳಿದಿತ್ತು. ಹೊರಗಿನ ಗಾಳಿಗಿಂತ ಅಷ್ಟೇನೂ ಹಗುರವಲ್ಲದ ಅದನ್ನು ಎಷ್ಟೆತ್ತರದ ಚಿಮಣಿ ತಾನೇ ಎಳೆದೀತು? ಎತ್ತರ ಬೇಕಾದದ್ದು ಅಡಿಕೆಯ ಕೆಳಗೆ. ಚಿಮಣಿಯನ್ನು ಕತ್ತರಿಸಿ, ಒಲೆಯ ಡ್ರಮ್ಮಿಗೂ ಜಾಲರಿಗೂ ನಡುವಿನ ಒಂದೂವರೆ ಅಡಿಯನ್ನು ಆರು ಅಡಿಗೆ ಏರಿಸಿದೆ. ಇದರಿಂದ ಸಿಗುವ ಒತ್ತಡ ಕಾಲು ಮಿಲಿಮೀಟರ್ ನೀರಿನಷ್ಟೇ ಆದರೂ, ತೆಳುವಾಗಿ ಹರಡಿದ ಅಡಿಕೆಗೆ ಅದು ಸಾಕು.

ಎರಡನೆಯ ವರ್ಷ ಆಸೆಗೆ ಎಂಟು ಇಂಚು ದಪ್ಪ ಹರಡಿ ಮತ್ತೆ ಸೋತೆ. ನಡುವಿನ ಅಡಿಕೆ ಸೀದುಹೋಗಿ, ಅಂಚಿನದು ಹಸಿಯಾಗಿಯೇ ಉಳಿಯಿತು; ನಡುವೆ ಬಿಸಿಗಾಳಿ ಏರುತ್ತಿದ್ದರೆ ಅಂಚಿನಲ್ಲಿ ತಣ್ಣನೆಯ ಗಾಳಿ ಇಳಿಯುತ್ತಿತ್ತು. ಈಗ ಮೂರು ಇಂಚಿನಿಂದ ಆರಂಭಿಸಿ, ಒಣಗಿದ ಹಾಗೆ ದಪ್ಪ ಮಾಡುತ್ತೇನೆ. ಅಂಚನ್ನು ಯಾವುದರಿಂದ ಮುಚ್ಚಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಕಾಳಿನ ಗಾತ್ರಕ್ಕೆ ತಕ್ಕಂತೆ ಹರಿವು ಹೇಗೆ ಬದಲಾಗುತ್ತದೆಂದು ನೋಡಲು, ಆ ಮಳೆಗಾಲದಲ್ಲೇ ಎರಡು ಗಾಜಿನ ಜಾಡಿಗಳಲ್ಲಿ ಒಂದಕ್ಕೆ ನಯವಾದ ಮರಳು, ಇನ್ನೊಂದಕ್ಕೆ ಜಲ್ಲಿ ತುಂಬಿ, ನೀರು ಹೊಯ್ದು, ತಳಕ್ಕೆ ತೆಳು ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಇಳಿಸಿ, ಬಿಸಿನೀರಿನ ತಟ್ಟೆಯಲ್ಲಿಟ್ಟೆ. ಜಲ್ಲಿಯೊಳಗೆ ಹತ್ತೇ ನಿಮಿಷದಲ್ಲಿ ಕೆಂಪು ಎಳೆಗಳು ಎದ್ದವು, ಮರಳಿನಲ್ಲಿ ಚೊಗರು ಕದಲಲಿಲ್ಲ. ಹೀಗೆ ಸಂದಿಗಳಿರುವ ಸರಂಧ್ರ ಪದರದಲ್ಲಿ ಹರಿವು ಆರಂಭವಾಗಲು ರೇಲೀ ಸಂಖ್ಯೆ (ಬಿಸಿಯಿಂದ ಮೇಲೇರುವ ಬಲ ತಡೆಯೆದುರು ಎಷ್ಟು ದೊಡ್ಡದೆಂಬ ಅಳತೆ) ಸುಮಾರು 39.5 ದಾಟಬೇಕೆಂದು ಹಾರ್ಟನ್ ಮತ್ತು ರೋಜರ್ಸ್ 1945ರಲ್ಲಿ, ಲ್ಯಾಪ್‌ವುಡ್ 1948ರಲ್ಲಿ ಲೆಕ್ಕ ಹಾಕಿದ್ದು ಇಂಥ ಪದರಗಳಿಗೇ. ಕಾಳಿನ ಗಾತ್ರ ಮೂರು ಪಟ್ಟಾದರೆ ಹರಿವಿನ ದಾರಿ ಒಂಬತ್ತು ಪಟ್ಟು ಸಲೀಸಾಗುತ್ತದೆ. ಅಂದಿನಿಂದ, ಸಂದಿ ಮುಚ್ಚುವ ಅಡಿಕೆಯ ಚೂರುಗಳನ್ನು ಜರಡಿ ಹಿಡಿದು ಬೇರೆಯೇ ಒಣಗಿಸುತ್ತಿದ್ದೇನೆ. ಅದೊಂದರಿಂದಲೇ ಒಂದು ದಿನ ಉಳಿಯಿತು.

ಮೂರನೆಯ ವರ್ಷ, ಬಿಸಿಲೇ ಕಾಣದ ವಾರದಲ್ಲಿ, ನಾಲ್ಕೂವರೆ ದಿನಕ್ಕೆ ಅಡಿಕೆ ಕೈಯಲ್ಲಿ ಗಲಗಲ ಅಂದಿತು. ಬಣ್ಣ ಕೆಡದ ಕಾರಣ ಮಂಡಿಯಲ್ಲಿ ‘ರಾಶಿ’ ಎಂಬ ದರ್ಜೆಯ ಧಾರಣೆಯೇ ಸಿಕ್ಕಿತು. ಮೂರು ವರ್ಷದ ಖರ್ಚು 60 ಸಾವಿರದ ಆಸುಪಾಸು. ಕರೆಂಟು ಹೋದ ರಾತ್ರಿಗಳಲ್ಲಿಯೂ ಗೂಡು ನಿಲ್ಲಲಿಲ್ಲ. ಈಗ ದೊಡ್ಡಪ್ಪನವರ ಜಾಲರಿಯನ್ನೂ ಆರು ಅಡಿಗೆ ಏರಿಸುತ್ತಿದ್ದೇವೆ.